ಕನ್ನಡ ಬಾರದ ಚಾಚಾ

"ಏ ಭಯ್ಯಾ! ಬಚ್ಚೀಕೋ ಸ್ಕೂಲ್ ಕಾಯ್ಕೋ ನಹೀ ಭೇಜ್ತಾ ತುಮ್?"

ನೆಹರು ನಗರದ ದೊಡ್ಡ ಆಸ್ಪತ್ರೆಯ ಎದುರಿನ ರಸ್ತೆಯಲ್ಲಿ ಮೊಮೊ ತಿನ್ನುತ್ತ ನಿಂತಿದ್ದ ಮೆಡಿಕಲ್ ಕಾಲೇಜಿನ ಹುಡುಗರೆಲ್ಲ ತಟ್ಟೆ ಹಿಡಿದುಕೊಂಡೇ ಹಿಂದೆ ಸರಿದರು.

ಗಾಡಿಯ ಆಚೆ ನಿಂತಿದ್ದ ಯುವಕ ಹಬೆ ಪಾತ್ರೆಯ ಮುಚ್ಚಳವನ್ನು ಎದೆಗೆ ಅಡ್ಡ ಹಿಡಿದುಕೊಂಡ.

"ಮೈ... ಮೈ ತೋ..."

"ಚುಪ್! ಬಹಾನಾ ನಹೀ ಸುನನೇಕಾ ಮೇರೇಕು!"

ಪ್ರಮಿಳಾ ಟೀಚರ್ ಉಸಿರು ಎಳೆದುಕೊಂಡಳು. ಅವಳ ಬಳಿ ಇದ್ದ ಹಿಂದಿ ಅಲ್ಲಿಗೆ ಅರ್ಧ ಖರ್ಚಾಗಿತ್ತು. ಉಳಿದ ಅರ್ಧವನ್ನು ಜೋಪಾನವಾಗಿ ಬಳಸಬೇಕಿತ್ತು.

ಖಾನಾಪುರದ ಬಸ್ಸಿಗೆ ಕಾಯುವಾಗಲೆಲ್ಲ ಅವಳು ರಸ್ತೆಯ ಆಚೆಯಿಂದ ಈ ಗಾಡಿಯನ್ನು ನೋಡುತ್ತಿದ್ದಳು. ಗಿರಾಕಿಗಳ ನಡುವೆ ಗಾಡಿಯವನ ಟೋಪಿ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತ ಎಂಟು ವರ್ಷದ ಹುಡುಗಿ ದಿನವೂ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮೊದಲ ದಿನ ಅಯ್ಯೋ ಪಾಪ ಎನಿಸಿತು. ಮರುದಿನ ಸಿಟ್ಟು ಬಂತು. ಇಂದು ಕಾಲುಗಳು ತಾವಾಗಿಯೇ ರಸ್ತೆ ದಾಟಿ ಬಂದಿದ್ದವು.

"ಕಾನೂನ್ ಹೈ! ಕಾಗಜ್ ನಹೀ ತೋ ಭೀ ಅಡ್ಮಿಷನ್ ಮಿಲತಾ! ಕಲ್ ಸುಬಹ ನೆಹರು ನಗರ ಕಾ ಸರ್ಕಾರಿ ಸ್ಕೂಲ್ ಕೋ ಲೇಕೇ ಆನೇಕಾ. ನಹೀ ಆಯಾ ತೋ..."

ಬರದಿದ್ದರೆ ಏನು ಮಾಡುತ್ತೇನೆಂಬುದಕ್ಕೆ ಹಿಂದಿಯಲ್ಲಿ ಮಾತು ಸಿಗಲಿಲ್ಲ.

"...ತೋ ದೇಖೋ!"

ಅವನು ನಿಜಕ್ಕೂ ನೋಡಿದ. ಸಿಟ್ಟಿನಿಂದ ಕೆಂಪಾದ ಮೂಗು, ಹೆಗಲಿನಿಂದ ಜಾರುತ್ತಿದ್ದ ಚೀಲ, ತನ್ನತ್ತಲೇ ಗುರಿಯಿಟ್ಟ ತೋರುಬೆರಳು... ನೋಡುತ್ತಲೇ ಇದ್ದ.

"ಜೀ, ಮ್ಯಾಡಂ," ಎಂದ, ಮೆಲ್ಲಗೆ.

ಬಸ್ಸಿನಲ್ಲಿ ಕುಳಿತ ಮೇಲೂ ಪ್ರಮಿಳಾಳಿಗೆ ಅದೇ ಯೋಚನೆ. 'ಅಷ್ಟು ಒದರಿದೆ, ಒಂದು ಮಾತೂ ಎದುರಾಡಲಿಲ್ಲ ಪಾಪ! ಆದರೆ... ಆ ಕಣ್ಣು ನಗುತ್ತಿದ್ದವೇ?'

ಓದುಗರಿಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಪ್ರಮಿಳಾ ಅಂದುಕೊಂಡಂತೆ ಆ ಯುವಕ ನೇಪಾಳದವನಲ್ಲ. ಮೊಮೊ ಮಾರುವವನಲ್ಲ. ಆ ಹುಡುಗಿಯ ಅಪ್ಪನಂತೂ ಅಲ್ಲವೇ ಅಲ್ಲ!

ಆತ ಆಕಾಶ. ಬೆಳಗಾವಿ ಕೋರ್ಟಿನಲ್ಲಿ ವಕೀಲ. ಬಟ್ಟೆ ವ್ಯಾಪಾರಿ ಗುರುಪುತ್ರಪ್ಪನವರ ಮಗ. ಆ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಯಾರೂ ಸೀನುವುದೂ ಇಲ್ಲ. ಗಾಡಿಯ ನಿಜವಾದ ಯಜಮಾನ, ಹುಡುಗಿ ಬಿನಿತಾಳ ಅಪ್ಪ, ನೇಪಾಳದ ದಿಲ್ ಬಹದ್ದೂರ್ ಅವನ ಗೆಳೆಯ. ಆ ಸಂಜೆ ದಿಲ್ ಬಹದ್ದೂರನ ಹೆಂಡತಿ ಎದುರಿನ ಆಸ್ಪತ್ರೆಯಲ್ಲಿ ಹೆರಿಗೆಗೆ ಸೇರಿದ್ದಳು. ಆಕಾಶ ಕರಿ ಕೋಟನ್ನು ಗಾಡಿಯ ಕೆಳಗೆ ತುರುಕಿ, ಗೆಳೆಯನ ಏಪ್ರನ್ ಕಟ್ಟಿ, ಟೋಪಿ ಹಾಕಿಕೊಂಡು ನಿಂತಿದ್ದ.

ಮರುದಿನವೇ ನಿಜ ಹೇಳಿಬಿಡುವುದು ಅವನ ಮನಸ್ಸಿನಲ್ಲಿತ್ತು. ಆದರೆ ಟೀಚರ್ ಬಂದ ಸುದ್ದಿ ಕೇಳಿ ದಿಲ್ ಬಹದ್ದೂರ್ ಬೆವತುಹೋದ. ಹಿಂದೊಮ್ಮೆ ಬೇರೊಂದು ಶಾಲೆಗೆ ಮಗಳನ್ನು ಕರೆದೊಯ್ದಾಗ, ಜನನ ದಾಖಲೆ ಇಲ್ಲದೆ ಮತ್ತೆ ಬಂದರೆ ಪೊಲೀಸರಿಗೆ ಹೇಳುತ್ತೇವೆಂದು ಗದರಿಸಿ ಕಳಿಸಿದ್ದರು.

"ನೀವ ಕರಕೊಂಡ ಹೋಗ್ರಿ ಭಾಯ್," ಎಂದು ಕೈ ಹಿಡಿದ. "ಬಿನಿತಾಳ ಚಾಚಾ, ನನ್ನ ತಮ್ಮ ಅಂತ ಹೇಳ್ರಿ. ವಕೀಲ ಅಂತ ಮಾತ್ರ ಅನಬ್ಯಾಡ್ರಿ. ವಕೀಲ್ರು ಬಂದ್ರ ಕೇಸ್ ಅಂತಾರ, ಕೇಸ್ ಅಂದ್ರ ಪೊಲೀಸ್ರು ಬರ್ತಾರ!"

ಹೀಗೆ ಮರುದಿನ ಬೆಳಿಗ್ಗೆ ಆಕಾಶ, ಬಿನಿತಾಳ ಕೈ ಹಿಡಿದು, ಟೀಚರ್ ಅಂದುಕೊಂಡಂತೆಯೇ ಕನ್ನಡ ಬಾರದ ಚಾಚಾ ಆಗಿ ಶಾಲೆಯ ಗೇಟಿನಲ್ಲಿ ನಿಂತಿದ್ದ. ಬೇಜವಾಬ್ದಾರಿ ಅಪ್ಪ ಎಂದುಕೊಂಡಿದ್ದವನು ಚಾಚಾ, ಅದರಲ್ಲೂ ಮದುವೆಯಾಗದ ಚಾಚಾ ಎಂದು ತಿಳಿದಾಗ ಪ್ರಮಿಳಾಳ ಮುಖ ಯಾಕೆ ಅರಳಿತು ಎಂಬುದು ಅವಳಿಗೇ ಗೊತ್ತಾಗಲಿಲ್ಲ.

ಹೆಡ್‌ಮಾಸ್ತರ ಈರಣ್ಣನವರು ಕೆಟ್ಟವರಲ್ಲ. ಆದರೆ ತಮ್ಮ ನೆರಳು ಅಲುಗಿದರೂ 'ಮೇಲಿನವರು ಬಂದರೋ' ಎಂದು ಹೆದರುವ ಸ್ವಭಾವ.

"ಜನ್ಮ ದಾಖಲೆ ಇಲ್ಲ, ಟಿಸಿ ಇಲ್ಲ, ಊರ ನೋಡಿದ್ರ ನೇಪಾಳ! ನಾಳೆ ಯಾರರ ಕೇಳಿದ್ರ ನಾ ಏನ್ ಹೇಳ್ಲಿ ಟೀಚರ್?"

"ಕಾನೂನಿನಾಗ ಎಲ್ಲಾ ಮಕ್ಕಳು ಅಂತ ಐತ್ರಿ ಸರ್. ಇಂಥಾ ಊರಿನ ಮಕ್ಕಳು ಅಂತಿಲ್ಲ."

"ಪಾಲಕರ ಸಮಿತಿ ಸಭೆಯಾಗ ನೋಡೂಣು. ಅಲ್ಲೀತನಕ ಹಿಂದ ಕುಂದರ್ಲಿ. ಹಾಜರಿ ಹಾಕಬ್ಯಾಡ್ರಿ."

ಹಿಂದ ಕುಂದರ್ಲಿ... ಆ ಮಾತು ಪ್ರಮಿಳಾಳಿಗೆ ಚುಚ್ಚಿತು. ಅವಳ ಅಪ್ಪ ಗುರುಸಿದ್ದ ಕುರಿ ಕಾಯುವವನು. ಚಿಕ್ಕಂದಿನಲ್ಲಿ ಅವಳೂ ಕುರಿಗಳ ಹಿಂದೆ ಊರೂರು ಅಲೆದವಳು. ಎಲ್ಲಿ ಶಾಲೆಯ ಬಾಗಿಲಿಗೆ ಹೋದರೂ 'ಯಾವ ಊರಾಕಿ ನೀ?' ಎಂಬ ಪ್ರಶ್ನೆ. ಕೊನೆಗೆ ಬೀಡಿ ಎಂಬ ಊರಿನಲ್ಲಿ ಒಬ್ಬ ಮಾಸ್ತರರು ಮಾತ್ರ ಏನೂ ಕೇಳದೆ ಪಾಟಿ, ಬಳಪ ಕೊಟ್ಟು ಕೂರಿಸಿಕೊಂಡಿದ್ದರು.

ಅವಳು ಬಿನಿತಾಳನ್ನು ಮೂರನೇ ತರಗತಿಯ ಮೊದಲ ಸಾಲಿನಲ್ಲಿ ಕೂರಿಸಿದಳು!

ಅಂದಿನಿಂದ ಬಸ್ಸು ಹತ್ತುವ ಮುಂಚೆ ಗಾಡಿಯ ಬಳಿ ಹೋಗುವುದು ಅವಳಿಗೆ ರೂಢಿಯಾಯಿತು. ಬಾಣಂತಿ, ಕೂಸು ಇಬ್ಬರನ್ನೂ ನೋಡಿಕೊಳ್ಳಲು ಊರಿನಿಂದ ಯಾರೂ ಬರುವ ಹಾಗಿರಲಿಲ್ಲ. ದಿಲ್ ಬಹದ್ದೂರ್ ಮನೆಯಲ್ಲಿ ಗಂಜಿ ಕಾಯಿಸುತ್ತಿದ್ದರೆ, ಸಂಜೆಯ ಗಾಡಿ ಆಕಾಶನ ಪಾಲಿಗೆ ಬಂದಿತ್ತು.

'ಮಗುವಿನ ಪ್ರಗತಿ ಹೇಳಲು ಹೋಗುತ್ತೇನೆ, ಅಷ್ಟೇ,' ಎಂದು ಪ್ರಮಿಳಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೋಗುವ ಮುಂಚೆ ಕೈಗನ್ನಡಿ ನೋಡಿಕೊಳ್ಳುವುದಕ್ಕೂ ಪ್ರಗತಿಗೂ ಏನು ಸಂಬಂಧ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಸಮಿತಿಯ ಸಭೆಯಲ್ಲಿ ಚಾಚಾ ಗಟ್ಟಿಯಾಗಿ ನಿಲ್ಲಬೇಕಲ್ಲ! ಅದಕ್ಕಾಗಿ ಅವನಿಗೆ ಕಾನೂನು ಕಲಿಸತೊಡಗಿದಳು.

"ಕಾನೂನ್... ಮತಲಬ್..." ಎಂದು ಎರಡೂ ಕೈ ಚಾಚಿ ತಕ್ಕಡಿಯಂತೆ ತೂಗಿ ತೋರಿಸಿದಳು. "ಜಜ್ ಸಾಹೇಬ್! ಕೋರ್ಟ್! ಸಮಝಾ?"

ಅಂದು ಬೆಳಿಗ್ಗೆಯಷ್ಟೇ ಜಡ್ಜ್ ಎದುರು ಗಂಟೆಗಟ್ಟಲೆ ವಾದ ಮಾಡಿ ಬಂದಿದ್ದ ಆಕಾಶ ಗಂಭೀರವಾಗಿ ತಲೆಯಾಡಿಸಿದ.

"ಥೋಡಾ ಮುಶ್ಕಿಲ್ ಹೈ ಮ್ಯಾಡಂ. ಫಿರ್ ಸೇ ಬೋಲಿಯೇ."

ಕಳ್ಳ! ಇನ್ನೊಮ್ಮೆ ಆ ಕೈಗಳು ಗಾಳಿಯಲ್ಲಿ ತೂಗುವುದನ್ನು ನೋಡುವ ಆಸೆ ಅವನಿಗೆ.

ಕೆಲವು ದಿನಗಳಲ್ಲಿ ಅವಳ ಬಾಯಿಂದ 'ಭಯ್ಯಾ' ಮಾಯವಾಯಿತು. ಅದರ ಜಾಗದಲ್ಲಿ ಏನು ಹಾಕಬೇಕೋ ತಿಳಿಯದೆ "ಸುನೋಜೀ" ಎನ್ನತೊಡಗಿದಳು. ಆ 'ಜೀ' ಕೇಳಿದ ಸಂಜೆ ಆಕಾಶ ಚಟ್ನಿಗೆ ಖಾರ ಹಾಕುವುದನ್ನೇ ಮರೆತ.

ಅವನ ಭಾಷೆಯಲ್ಲಿ ನಾಲ್ಕು ಮಾತಾದರೂ ಆಡಬೇಕೆಂದು ಅವಳು ಮೊಬೈಲಿನಲ್ಲಿ ವಿಡಿಯೋ ನೋಡಿ ನೇಪಾಳಿ ಕಲಿತಳು. 'ಊಟ ಆಯಿತೇ' ಎಂದು ಕೇಳುವುದನ್ನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿ, ನಾಚುತ್ತ ಎದುರು ನಿಂತು ಕೇಳಿಯೇ ಬಿಟ್ಟಳು.

"ಖಾನಾ... ಖಾನು ಭಯೋ?"

ಆಕಾಶ ಕಕ್ಕಾಬಿಕ್ಕಿಯಾದ. ಖಾನಾ... ಖಾನಾ... ತಟ್ಟನೆ ಹೊಳೆಯಿತು!

"ಖಾನಾಪುರ್? ಖಾನಾಪುರ್ ಬಸ್ ಉಧರ್ ಸೇ ಜಾತಾ ಮ್ಯಾಡಂ!"

ಸ್ಟೂಲಿನ ಮೇಲೆ ಮಗ್ಗಿ ಬರೆಯುತ್ತಿದ್ದ ಬಿನಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪ್ರಮಿಳಾ ಮುಖ ಚಿಕ್ಕದು ಮಾಡಿಕೊಂಡು ಬಸ್ಸಿನ ಕಡೆ ನಡೆದಳು. 'ನನ್ನ ಉಚ್ಚಾರವೇ ಅಷ್ಟು ಕೆಟ್ಟದಾಗಿದೆಯೇ?'

ಒಂದು ಸಂಜೆ ಗಾಡಿಯ ಎದುರು ನಿಂತಿದ್ದಾಗಲೇ ಅವಳ ಫೋನ್ ರಿಂಗಾಯಿತು. ಖಾನಾಪುರದಿಂದ ಅವ್ವ ಮಾಯಕ್ಕ.

"ಬ್ಯಾಡ ಅಂದ್ನೆಲ್ಲವ್ವಾ. ಆ ಹುಡುಗನ್ನ ನೋಡಾಕ ಬರೂದಿಲ್ಲ ನಾ... ಹೌದು. ಬ್ಯಾರೆ ಒಬ್ಬರು ಅದಾರ. ಇಲ್ಲೇ ನನ್ನ ಎದುರಿಗೇ ನಿಂತಾರ."

ಆಕಾಶನ ಕೈ ನಿಂತುಹೋಯಿತು.

"ಏ, ಕೇಳಿಸಿದ್ರೇನಾತು? ಅವರಿಗೆ ಕನ್ನಡ ಬರೂದಿಲ್ಲ. ಗ್ವಾಡಿ ಮುಂದ ಮಾತಾಡಿದಂಗ... ನೇಪಾಳದವರವ್ವಾ... ಯವ್ವಾ, ಅಳಬ್ಯಾಡ! ಮೊಮೊ ಮಾರ್ತಾರ... ಕಡಬು ಇರ್ತಾವಲ್ಲ, ಹಂಗ. ಏನ್ ಮಾಡ್ಲಿ? ಅವರು ನಕ್ಕರ ನನಗ ಬಸ್ ಬಂದು ಹೋದದ್ದೂ ಗೊತ್ತಾಗೂದಿಲ್ಲ. ನಾ ಅವರಿಗೆ ಹೇಳಿಲ್ಲ. ಹೇಳಾಕ ಧೈರ್ಯ ಎಲ್ಲೈತಿ?"

'ಗೋಡೆ' ಕಿವಿಯ ತನಕ ಕೆಂಪಾಯಿತು. ಒಂದು ತಟ್ಟೆ ಮೊಮೊಗಳನ್ನು ಪೂರ್ತಿಯಾಗಿ ಚಟ್ನಿ ಪಾತ್ರೆಗೆ ಸುರಿಯಿತು.

ಫೋನ್ ಇಟ್ಟು ಅವಳು ಏನೂ ಆಗಿಲ್ಲವೆಂಬಂತೆ ನಕ್ಕಳು. "ಮಾ ಕಾ ಫೋನ್. ಬಾರಿಷ್ ಕಾ ಬಾತ್!"

"ಮ್ಯಾಡಂ... ಮುಝೇ ಆಪ್ ಸೇ ಕುಛ್..."

ಬಸ್ಸು ಬಂತು. ಅವಳು ಓಡಿದಳು.

ಆ ರಾತ್ರಿ ಮನೆಯಲ್ಲಿ ಆಕಾಶ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವಳು ಕೊಡದಿದ್ದುದನ್ನು ತಾನು ತೆಗೆದುಕೊಂಡುಬಿಟ್ಟೆ ಎನಿಸಿತು. ಶನಿವಾರ ಸಭೆ ಇದೆ. ಅದು ಮುಗಿದ ಕೂಡಲೇ ಎಲ್ಲ ಹೇಳಿಬಿಡಬೇಕು...

ಶನಿವಾರ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ಪಾಲಕರೆಲ್ಲ ಸೇರಿದರು. ಚಾಚಾನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದರು. ಸಮಿತಿಯ ಸದಸ್ಯ ಪ್ರಸಾದ ಎದ್ದು ನಿಂತ. ನಾಲ್ಕು ಜನ ಸೇರಿದರೆ ಭಾಷಣ ಮಾಡದೆ ಬಿಡದ ಮನುಷ್ಯ.

"ಇಂಥಾ ಹೊರಗಿನ ಮಕ್ಕಳನ್ನ ಸೇರಿಸ್ಕೊಂಡ್ರ ನಮ್ಮ ಮಕ್ಕಳ ಕನ್ನಡಾ ಕೆಡ್ತೈತಿ. ಇವತ್ತ ಒಂದು, ನಾಳೆ ಹತ್ತು! ಸರ್, ನೀವ್ಯಾಕ ಅಂಜ್ತೀರಿ? ಈ ಮಂದಿಗೆ ಏನ್ ತಿಳೀತೈತಿ? ಪೊಲೀಸ್ರ ಹೆಸರ ಹೇಳ್ರಿ ಸಾಕು, ತಾವಾಗೇ ಹುಡುಗೀನ್ನ ಬಿಡಿಸ್ಕೊಂಡ ಹೋಗ್ತಾರ. ನಮ್ಮ ಕೈಗೂ ಮಸಿ ಹತ್ತೂದಿಲ್ಲ."

"ಏನ್ ಮಾತಾಡ್ತೀರಿ ನೀವು!" ಪ್ರಮಿಳಾ ಎದ್ದಳು. "ಆ ಕೂಸು ಏನ್ ತಪ್ಪ ಮಾಡೈತಿ?"

ಪ್ರಸಾದ ಅವಳತ್ತ ನೋಡದೆ ಚಾಚಾನ ಕಡೆ ತಿರುಗಿ ಹಲ್ಲು ಬಿಟ್ಟ. "ಭಯ್ಯಾ, ಟೆನ್ಷನ್ ಮತ್ ಲೋ! ಹಮ್ ಸಬ್ ಆಪ್ ಕೇ ಸಾಥ್ ಹೈ!"

ಚಾಚಾ ಎದ್ದು ನಿಂತ.

"ಕುಂದರ್ರಿ ನೀವು!"

ಎಲ್ಲರ ಕತ್ತೂ ಅವನತ್ತ ತಿರುಗಿತು.

"ಜೋಡೀಲೆ ಅದೀವಿ ಅಂತೀರಿ, ಹಿಂದಿಂದ ಪೊಲೀಸ್ರ ಹೆಸರ ಹೇಳ್ರಿ ಅಂತೀರಿ? ನಾಚಿಕಿ ಬರೂದಿಲ್ಲೇನ್ರಿ ನಿಮಗ? ಆರರಿಂದ ಹದಿನಾಲ್ಕ ವರ್ಷದ ಯಾವ ಕೂಸಿಗೂ ವಯಸ್ಸಿನ ದಾಖಲೆ ಇಲ್ಲ, ಟಿಸಿ ಇಲ್ಲ ಅಂತ ಸಾಲಿ ಬಾಗಲಾ ಹಾಕೂ ಹಂಗಿಲ್ಲ. ಇದು ಶಿಕ್ಷಣ ಹಕ್ಕಿನ ಕಾಯ್ದೆ. ವಯಸ್ಸ ಎಷ್ಟಂತ ಅವರ ಅಪ್ಪ ಅವ್ವ ಬರದ ಕೊಟ್ರ ಸಾಕು. ಹೆದರಿಸಿ ಬಿಡಸ್ತೀನಿ ಅಂತ ಯಾರರ ಅಂದ್ರ, ನಾ ಕೋರ್ಟಿನಾಗ ಭೆಟ್ಟಿ ಆಗ್ತೀನಿ!"

ಪ್ರಸಾದ ಕುರ್ಚಿ ಎಲ್ಲಿದೆ ಎಂದು ನೋಡದೆ ಕುಳಿತ. ಕುರ್ಚಿ ಅಲ್ಲಿರಲಿಲ್ಲ.

"ನೀವು... ಯಾರ್ರಿ?" ಈರಣ್ಣನವರ ಕನ್ನಡಕ ಮೂಗಿನ ತುದಿಗೆ ಬಂದಿತ್ತು.

"ಅಡ್ವೊಕೇಟ್ ಆಕಾಶ. ಊರು ಬೆಳಗಾವಿನ ರೀ. ಈ ಹುಡುಗಿ ಅಪ್ಪನ ಗೆಳೆಯ."

ನಗುವೋ ಗದ್ದಲವೋ ತಿಳಿಯದ ಸದ್ದು ಎದ್ದಿತು. ನಡುವೆ ನಿಂಗವ್ವ ಎಂಬ ತಾಯಿ ನೆಲದ ಮೇಲೆ ಕುಳಿತಲ್ಲಿಂದಲೇ ಕೈ ಎತ್ತಿದಳು.

"ಆ ಹುಡುಗಿ ಬಂದ ಮ್ಯಾಲೆ ನಮ್ಮ ಮಗಳು ಸಾಲಿಗೆ ಹೋಗೂ ಮುಂದ ಅಳೂದು ಬಿಟ್ಟಾಳ್ರಿ. ಜೋಡಿ ಸಿಕ್ಕೈತಿ ಆಕಿಗೆ. ನೀವು ಈಕಿನ್ನ ಕಳಿಸಿದ್ರ, ನಮ್ಮಾಕಿನ್ನ ದಿನಾ ಬೆಳಿಗ್ಗೆ ಪ್ರಸಾದಣ್ಣ ಬಂದು ಎಬ್ಬಿಸಿ ಸಾಲಿಗೆ ಕಳಸ್ಬೇಕು ನೋಡ್ರಿ!"

ಈಗ ಅದು ಖಂಡಿತ ನಗುವೇ ಆಗಿತ್ತು. ಈರಣ್ಣನವರು ಎದ್ದು ಪ್ರಮಿಳಾಳತ್ತ ನೋಡಿದರು. "ಟೀಚರ್, ಇವತ್ತಿಂದ ಬಿನಿತಾಂದು ಹಾಜರಿ ಹಾಕ್ರಿ."

ಅವಳಿಗೆ ಕುಣಿಯಬೇಕೆನಿಸಬೇಕಿತ್ತು. ಆದರೆ ಅವಳು ಸರಸರನೆ ಹೊರಗೆ ನಡೆದಳು.

ಕಾರಿಡಾರಿನಲ್ಲಿ ಆಕಾಶ ಹಿಂದೆಯೇ ಓಡಿ ಬಂದ.

"ನೀವು... ಕನ್ನಡದವರು?"

"ಹೌದ್ರಿ."

"ವಕೀಲರು?"

"ಹೌದ್ರಿ."

"ನಾ ನಿಮಗ ತಕ್ಕಡಿ ಮಾಡಿ ತೋರಿಸಿ ಕಾಯ್ದೆ ಹೇಳಿಕೊಟ್ಟೆ!"

"ಭಾಳ ಛಲೋ ಹೇಳಿಕೊಟ್ರಿ..."

ಅವಳು ನಗಲಿಲ್ಲ. ಇನ್ನೊಂದು ನೆನಪು ಎದೆಗೆ ಅಪ್ಪಳಿಸಿತ್ತು.

"ಅವತ್ತ... ಫೋನಿನಾಗ... ನಾ ಅವ್ವನ ಜೋಡಿ..."

ಅವನು ತಲೆ ತಗ್ಗಿಸಿದ. "ಎಲ್ಲಾ ಕೇಳಿಸ್ತ್ರಿ."

ಅವಳ ಕಣ್ಣು ತುಂಬಿದವು. "ನಾ ಹುಚ್ಚಿ ಹಂಗ ಮನಸ ಬಿಚ್ಚಿ ಮಾತಾಡಿದೆ. ನೀವು ಪುಕ್ಕಟೆ ನಾಟಕ ನೋಡಿದಂಗ ನೋಡಿದ್ರಿ. ಅವತ್ತರ ಒಂದ್ ಮಾತು ಹೇಳಬೇಕಾಗಿತ್ತಲ್ಲ?"

ಅವಳು ಹೊರಟುಹೋದಳು.

ಆ ವಾರವೆಲ್ಲ ಪ್ರಮಿಳಾ ಮುಂದಿನ ಸ್ಟಾಪಿನವರೆಗೆ ನಡೆದು ಹೋಗಿ ಬಸ್ಸು ಹತ್ತಿದಳು. 'ಎಲ್ಲ ಮುಗಿಯಿತು' ಎಂದಷ್ಟೇ ಅವ್ವನಿಗೆ ಹೇಳಿದಳು. ಏನು, ಎಂತು ಎಂದು ಹೇಳುವಷ್ಟು ಗಟ್ಟಿ ಮನಸ್ಸು ಇರಲಿಲ್ಲ.

ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ಒಬ್ಬ ಗಂಡಸು ಕೂಸನ್ನು ಎತ್ತಿಕೊಂಡು ನಿಂತಿದ್ದ. ಬಿನಿತಾ ಓಡಿ ಹೋಗಿ ಅವನ ಕಾಲಿಗೆ ಅಂಟಿಕೊಂಡಳು.

ಪ್ರಮಿಳಾ ಅಭ್ಯಾಸಬಲದಿಂದ ಶುರು ಮಾಡಿದಳು. "ಆಪ್... ಬಿನಿತಾ ಕಾ..."

"ಅಪ್ಪ ರೀ ಟೀಚರ್. ದಿಲ್ ಬಹದ್ದೂರ್," ಎಂದ ಅವನು. "ತಪ್ಪು ನಂದೈತ್ರಿ. ಚಾಚಾ ಅನ್ರಿ, ವಕೀಲ ಅನಬ್ಯಾಡ್ರಿ ಅಂತ ನಾನ ಹೇಳಿದ್ದೆ. ಹೆದರಿಕಿ ಇತ್ರಿ ನನಗ. ಆಕಾಶ ಭಾಯ್ ಈಗ ಗಾಡಿ ಕಡೆ ಬಂದ್ರೂ ಏನೂ ತಿನ್ನೂದಿಲ್ಲ, ಬಸ್ ಸ್ಟಾಪ್ ನೋಡ್ಕೋತ ನಿಂದರ್ತಾರ."

ಪ್ರಮಿಳಾ ಬಾಯಿ ತೆರೆದು ನಿಂತಳು. "ನಿಮಗೂ... ಕನ್ನಡಾ ಬರ್ತೈತಿ?"

"ಬೆಳಗಾವಿಗೆ ಬಂದು ಹನ್ನೊಂದ ವರ್ಷಾತ್ರಿ!" ಅವನು ನಕ್ಕ. "ಆದ್ರ ನಮ್ಮನ್ನ ಯಾರೂ ಕನ್ನಡದಾಗ ಮಾತಾಡ್ಸೂದ ಇಲ್ಲ. ನೋಡಿದ ಕೂಡ್ಲೇ ಹಿಂದಿ ಶುರು ಮಾಡ್ತಾರ."

ಪ್ರಮಿಳಾಳ ಕಿವಿ ಬಿಸಿಯಾದವು. ಗಾಡಿ, ಏಪ್ರನ್, ಟೋಪಿ ಕಂಡ ಕೂಡಲೇ ಊರು, ಭಾಷೆ ಎಲ್ಲ ತೀರ್ಮಾನ ಮಾಡಿದ್ದು ತಾನೇ ಅಲ್ಲವೇ? ಆ ಮನುಷ್ಯನಿಗೆ ಬಾಯಿ ತೆರೆಯಲು ಬಿಟ್ಟಿದ್ದೆನೇ? 'ಚುಪ್' ಎಂದವಳೂ ತಾನೇ...

ಅವಳು ಚಾಚಿದ ಬೆರಳನ್ನು ಕೂಸು ಗಟ್ಟಿಯಾಗಿ ಹಿಡಿದುಕೊಂಡಿತು. ವಾರದಲ್ಲಿ ಮೊದಲ ಸಲ ಅವಳು ನಕ್ಕಳು.

ಭಾನುವಾರ ಖಾನಾಪುರದ ಮನೆಯಲ್ಲಿ ಪ್ರಮಿಳಾ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಮುಂಬಾಗಿಲಿನಿಂದ ಅವ್ವನ ಧ್ವನಿ ಕೇಳಿಸಿತು.

"ಆವೋ ಬೇಟಾ! ಮೊಮೊ ಲಾಯಾ? ಬೈಠೋ! ಪಾನೀ ಪೀತಾ?"

"ನಮಸ್ಕಾರ್ರಿ ಅವ್ವಾರ. ನಾ ಆಕಾಶ್ರಿ, ಬೆಳಗಾವಿಯಿಂದ ಬಂದೀನಿ. ಪ್ರಮಿಳಾ ಟೀಚರ್ ಅದಾರೇನ್ರಿ?"

"ಏ ಪ್ರಮಿಳಾ! ಲಗೂನ ಬಾರ! ನಿನ್ನ ನೇಪಾಳದವ ಎಷ್ಟ ಛಲೋ ಕನ್ನಡಾ ಮಾತಾಡ್ತಾನ ನೋಡ ಬಾ!"

ಪ್ರಮಿಳಾ ಒದ್ದೆ ಟವೆಲ್ ಹಿಡಿದುಕೊಂಡೇ ಓಡಿ ಬಂದಳು. ಆಕಾಶ ಇಸ್ತ್ರಿ ಅಂಗಿ ಹಾಕಿಕೊಂಡು, ಮೊಮೊ ಪೊಟ್ಟಣ ಹಿಡಿದುಕೊಂಡು ಎದ್ದು ನಿಂತಿದ್ದ. ಟೋಪಿಯಿಲ್ಲದ ತಲೆ, ಹಬೆಯಿಲ್ಲದ ಮುಖ... ಬೇರೆ ಯಾರೋ ಎನಿಸಿತು. ಕಣ್ಣು ಮಾತ್ರ ಅವೇ.

"ಅವ್ವಾ, ಇವರು ನೇಪಾಳದವರಲ್ಲ," ಎಂದಳು ಮೆಲ್ಲಗೆ. "ನಾ ತಪ್ಪು ತಿಳ್ಕೊಂಡಿದ್ದೆ. ವಕೀಲರು. ಬೆಳಗಾವಿಯವರು."

ಮಾಯಕ್ಕ ಸಂತೋಷಪಡುತ್ತಾಳೆ ಎಂದುಕೊಂಡಿದ್ದರು ಇಬ್ಬರೂ. ಮಾಯಕ್ಕ ತಲೆಯ ಮೇಲೆ ಕೈ ಹೊತ್ತು ಕುಳಿತಳು!

"ಅಯ್ಯ ನನ್ನ ಶಿವನ! ಎರಡ್ ವಾರದಿಂದ ನಿಮ್ಮಪ್ಪನ್ನ ಒಪ್ಪಸೀನಿ, ನಿಮ್ಮತ್ತಿ ಚಂದ್ರವ್ವನ್ನ ಒಪ್ಪಸೀನಿ! ಹುಡುಗ ನೇಪಾಳದವ, ಪಶುಪತಿನಾಥನ ಊರಾಂವ, ಅಲ್ಲೀತನಕ ಜಾತಿ ಕೇಳಾಕ ಯಾರ್ ಹೋಗ್ತಾರ ಬಿಡ್ರಿ ಅಂತ ಎಲ್ಲಾರ ಬಾಯಿ ಮುಚ್ಚಸೀನಿ. ಈಗ ನೋಡಿದ್ರ ಬೆಳಗಾವಿಯಾಂವ! ಚಂದ್ರವ್ವ ನಾಳೆ ಬೆಳಿಗ್ಗೆನ ಬಸ್ ಹತ್ತಿ ವಿಚಾರಣಿ ಮಾಡಾಕ ಹೋಗ್ತಾಳ! ಮತ್ತ ಮೊದಲಿಂದ ಶುರು ಮಾಡ್ಬೇಕಲ್ಲೋ ಯಪ್ಪಾ!"

ಪ್ರಮಿಳಾ ಅವ್ವನ ಪಕ್ಕ ಕುಳಿತು ಅವಳ ಕೈ ಹಿಡಿದಳು. 'ಮುಗಿಯಿತು' ಎಂದಮೇಲೂ ಅವ್ವ ತನಗಾಗಿ ಊರೆಲ್ಲ ಹೋರಾಡಿದ್ದಳೇ!

"ನಾವು ಲಿಂಗಾಯತ್ರು. ನಮ್ಮ ಮನಿಯಾಗೂ ಹೇಳೀನ್ರಿ," ಎಂದ ಆಕಾಶ. "ಅಪ್ಪ ಮಾರಿ ಸಿಂಡರಿಸ್ಕೊಂಡ ಕುಂತಿದ್ರು. ನಮ್ಮ ಅಜ್ಜಿ ಬಸವಣ್ಣೆವ್ವ, ಬಸವಣ್ಣನ ಫೋಟೋ ಮುಂದ ಕುಂತು ಜಾತಿ ಕೇಳ್ತೀಯೇನೋ ಅಂತ ಬೈದ್ಲು. ಅಪ್ಪ ಈಗ ಅಡ್ಡಾಡೂ ದಾರಿ ಬದಲಿ ಮಾಡ್ಯಾರ, ಫೋಟೋ ಕಡೆ ಹೋಗೂದ ಇಲ್ಲ."

ಮಾಯಕ್ಕ ಫಕ್ಕನೆ ನಕ್ಕಳು. "ಆ ಅಜ್ಜಿಗೆ ಮತ್ತ ನಮ್ಮ ಚಂದ್ರವ್ವಗ ಭೆಟ್ಟಿ ಮಾಡಸ್ಬೇಕು," ಎನ್ನುತ್ತ ಚಹಾ ಇಡಲು ಒಳಗೆ ಹೋದಳು.

ಹೊರಗೆ ಕಟ್ಟೆಯ ಮೇಲೆ ಇಬ್ಬರೇ ಉಳಿದರು.

"ಕ್ಷಮಾ ಮಾಡ್ರಿ," ಎಂದ ಅವನು. "ಫೋನಿನಾಗ ನೀವು ಅಂದದ್ದು ಕೇಳಿದ ಕೂಡ್ಲೇ ಹೇಳಬೇಕಾಗಿತ್ತು. ಹೇಳಿದ್ರ ನೀವು ಮತ್ತ ಬರೂದಿಲ್ಲ ಅಂತ ಅಂಜಿಕಿ ಆತು."

"ನಂದೂ ತಪ್ಪೈತಿ. ನಿಮ್ಮನ್ನ ಮಾತಾಡಾಕ ಬಿಡಲಿಲ್ಲ ನಾ." ಅವಳು ಟವೆಲಿನ ತುದಿ ತಿರುವಿದಳು. "ಆದ್ರ ನನ್ನ ಮನಸಿನ್ಯಾಗಿಂದು ನಿಮಗ ಪೂರಾ ಗೊತ್ತಾತು. ನಿಮ್ಮದು ನನಗಿನ್ನೂ ಗೊತ್ತಿಲ್ಲ. ಇದು ನ್ಯಾಯ ಅಲ್ಲ ಬಿಡ್ರಿ ವಕೀಲ್ರ."

ಆಕಾಶ ಗಂಟಲು ಸರಿಮಾಡಿಕೊಂಡ. ಒಮ್ಮೆ ಕೆಮ್ಮಿದ.

"ಮಹಾಸ್ವಾಮಿಗಳೇ..."

"ಏನು?!"

"ಅಲ್ರಿ, ಕೋರ್ಟಿನ ರೂಢಿ ಬಿದ್ದೈತಿ!" ಅವನ ಹಣೆಯ ಮೇಲೆ ಬೆವರು. "ಪ್ರಮಿಳಾ... ಯಾರದೋ ಮಗಳ ಸಲುವಾಗಿ ನೀವು ನಡು ರಸ್ತೆದಾಗ ನಿಂತು ಬೈದ್ರಲ್ಲ, ಅವತ್ತ ಅನ್ನಿಸ್ತು... ಜನ್ಮಾ ಪೂರ್ತಿ ಈಕಿ ಬಾಜು ನಿಂದರ್ಬೇಕು ಅಂತ. ಬೈಸಿಕೊಂಡರೂ ಆತು."

ಅವಳು ಒದ್ದೆ ಟವೆಲನ್ನು ನಾಲ್ಕು ಮಡಿಕೆ ಮಾಡಿದಳು. ಒಳಗೆ ಮಾಯಕ್ಕ ಚಹಾದ ಪಾತ್ರೆಯ ಮುಂದೆ ನಿಂತು 'ಚಂದ್ರವ್ವಾ, ಹಂಗಲ್ಲ ಕೇಳಿಲ್ಲಿ...' ಎಂದು ತನಗೆ ತಾನೇ ತಾಲೀಮು ನಡೆಸಿದ್ದಳು.

"ಏನರ ಅನ್ರಿ ಟೀಚರ್," ಎಂದ ಅವನು, ಅಂಜುತ್ತ.

ಪ್ರಮಿಳಾ ಎದ್ದು ಬಾಗಿಲ ಬಳಿ ನಿಂತು ಕೈ ಚಾಚಿದಳು.

"ಒಳಗ ಬರ್ರಿ. ಅವ್ವ ಒಬ್ಬಾಕಿ ಎಷ್ಟು ಮಂದಿಗಂತ ಹೇಳ್ಯಾಳು? ಈ ಸಲ ಇಬ್ಬರೂ ಕೂಡಿ ಹೇಳೂಣು."

"ಕೂಡೇ?"

"ಹೂಂ. ಇನ್ ಮ್ಯಾಲೆ ಎಲ್ಲಾ ಕೂಡೇ."